ಹೆಳವನ ಎತ್ತೂ ಯಂತ್ರದ ಕಾಲೂ: ‘ಡೆತ್ ಆಫ್ ದಿ ಆಥರ್’ ಕಾದಂಬರಿಯ ವಿಚಾರ

೧

ಅಮೇರಿಕದಲ್ಲಿ ಹುಟ್ಟಿ ಬೆಳೆದ, ನೈಜೀರಿಯ ಮೂಲದ ಲೇಖಕಿ ನೆಡಿ ಒಕೊರಾಫೋರ್ ಅವರ ‘ಡೆತ್ ಆಫ್ ದಿ ಆಥರ್’ ಎಂಬ ಇಂಗ್ಲಿಷ್ ಕಾದಂಬರಿಯು ೨೦೨೫ನೆಯ ಇಸವಿಯ ಜನವರಿ ತಿಂಗಳಲ್ಲಿ ಪ್ರಕಟವಾಯಿತು. ಅದರ ಹೆಸರನ್ನು ‘ಗ್ರಂಥಕರ್ತನ ಮರಣ’ವೆಂದು ಕನ್ನಡಿಸಬಹುದು. ಫ್ರಾನ್ಸಿನ ವಿಮರ್ಶಕನಾದ ರೋಲಾಂ ಬಾರ್ತನು ೧೯೬೭ರಲ್ಲಿ ಇದೇ ಹೆಸರಿನ ಪ್ರಬಂಧವೊಂದನ್ನು ಬರೆದು, ಕೃತಿಯ ಅರ್ಥವನ್ನು ನಿರ್ಣಯಿಸುವ ಅಧಿಕಾರವು ಕರ್ತೃವಿನದಲ್ಲ, ವಾಚಕನದು ಎಂಬ ವಾದವನ್ನು ಹೂಡಿದ್ದನು. ಪ್ರಕೃತ ಕಾದಂಬರಿಯು ಆ ವಾದದಿಂದ ಹೆಸರನ್ನು ಪಡೆದುಕೊಂಡು, ಅದಕ್ಕಿಂತ ಹಳೆಯದಾದ ಬೇರೊಂದು ಪ್ರಶ್ನೆಯನ್ನು ಕೇಳುತ್ತದೆ. ಒಬ್ಬ ಮನುಷ್ಯನ ಕಥೆಯನ್ನು ಹೇಳುವ ಹಕ್ಕು ಯಾರದು? ಅವನದೆ? ಅವನ ಮನೆಯವರದೆ? ಇಬ್ಬರೂ ಅಳಿದ ಮೇಲೆ ಉಳಿದವರದೆ?

ಈ ಕೃತಿಯನ್ನು ವೈಜ್ಞಾನಿಕ ಕಾದಂಬರಿಗಳ ವರ್ಗಕ್ಕೆ ಸೇರಿಸುವುದು ವಾಡಿಕೆಯಾಗಿದೆ. ಅದರಲ್ಲಿ ಯಂತ್ರಮಾನವರುಂಟು, ಆಕಾಶಯಾನವುಂಟು, ನಡೆಯಲಾರದವರನ್ನು ನಡೆಯಿಸುವ ಲೋಹದ ಕಾಲುಗಳುಂಟು. ಆದರೂ ಗ್ರಂಥದ ಬಹುಭಾಗವು ಒಬ್ಬ ಅಂಗವಿಕಲ ಲೇಖಕಿ ಮತ್ತು ಅವಳ ಕುಟುಂಬ, ಇವರ ನಡುವಣ ಸಂಬಂಧದ ಕಥೆಯೇ ಆಗಿದೆ. ಪಾಶ್ಚಾತ್ಯ ವಾಚಕರು ಇದನ್ನು ಬಾರ್ತನ ಬೆಳಕಿನಲ್ಲಿ ಓದುವುದು ಸಹಜ. ಆದರೆ ಬೆಳಗಾವಿ ಜಿಲ್ಲೆಯ ಉತ್ತರಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಸಾಹಿತ್ಯೋಪಾಧ್ಯಾಯನಿಗೆ ಇನ್ನೊಂದು ಬೆಳಕು ಲಭ್ಯವಿದೆ. ಸುಗ್ಗಿಯ ಕಾಲದಲ್ಲಿ ಎತ್ತಿನ ಮೇಲೆ ಕುಳಿತು ಬಂದು ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುವ ಹೆಳವನನ್ನು ಈ ನಾಡು ಬಲ್ಲುದು. ಹೆಳವನೆಂದರೆ ಕುಂಟನೆಂದೇ ಅರ್ಥ. ಕುಂಟನಾದವನು ಕುಟುಂಬದ ಕಥೆಯ ಕರ್ತೃವಾಗುವ ಸಂಪ್ರದಾಯವೊಂದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದಿರುವಾಗ, ಒಕೊರಾಫೋರರ ಕಾದಂಬರಿಯನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಉಚಿತವಾಗಿದೆ. ಹಾಗೆ ನೋಡಿದರೆ ಕಾದಂಬರಿಯ ಮುಕ್ತಾಯವು ಬೇರೆ ರೀತಿಯಲ್ಲಿ ಅರ್ಥವಾಗುವುದು; ನಮ್ಮ ಸಂಪ್ರದಾಯದ ಒಂದು ನ್ಯೂನತೆಯೂ ಕಣ್ಣಿಗೆ ಬೀಳುವುದು. ಇವೆರಡನ್ನೂ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಕಥಾಸಾರವನ್ನು ಸಂಕ್ಷೇಪವಾಗಿ ಹೇಳುವೆನು. ಕಥಾನಾಯಿಕೆಯ ಹೆಸರು ಝೆಲು. ಅವಳ ತಾಯಿ ಯೊರುಬಾ ಜನಾಂಗದ ರಾಜವಂಶಕ್ಕೆ ಸೇರಿದವಳು. ತಂದೆ ಇಗ್ಬೊ ಜನಾಂಗದವನು. ಇಬ್ಬರೂ ನೈಜೀರಿಯದಿಂದ ಅಮೇರಿಕಕ್ಕೆ ಬಂದು ನೆಲೆಸಿದವರು. ಮಕ್ಕಳು ಹಲವರು, ಉಳಿದವರೆಲ್ಲರೂ ಒಳ್ಳೆಯ ವೃತ್ತಿಗಳಲ್ಲಿ ನೆಲೆಗೊಂಡಿರುವರು. ಝೆಲು ಹನ್ನೆರಡು ವರ್ಷದವಳಾಗಿದ್ದಾಗ ಮರದಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನವನ್ನು ಕಳೆದುಕೊಂಡಳು. ಆಕಾಶಯಾತ್ರಿಯಾಗಬೇಕೆಂಬ ಬಾಲ್ಯದ ಹಂಬಲವು ಅಲ್ಲಿಗೆ ನಿಂತುಹೋಯಿತು. ಕಥೆಯ ಆರಂಭದಲ್ಲಿ ಅವಳು ಚಿಕಾಗೋ ನಗರದಲ್ಲಿ ಬರವಣಿಗೆಯನ್ನು ಕಲಿಸುವ ಹಂಗಾಮಿ ಉಪಾಧ್ಯಾಯಿನಿ; ಅವಿವಾಹಿತೆ. ತಂಗಿಯ ಮದುವೆಗೆಂದು ಟೊಬಾಗೋ ದ್ವೀಪಕ್ಕೆ ಹೋಗಿರುವಾಗಲೇ ಅವಳ ಕೆಲಸವು ಹೋಗುತ್ತದೆ. ಅವಳು ಬಹುಕಾಲದಿಂದ ಬರೆದಿದ್ದ ಕಾದಂಬರಿಯನ್ನು ಪ್ರಕಾಶಕರು ಮತ್ತೊಮ್ಮೆ ತಿರಸ್ಕರಿಸುತ್ತಾರೆ. ಆ ಹತಾಶೆಯಲ್ಲಿ ಅವಳು ಹಿಂದೆಂದೂ ಬರೆಯದ ರೀತಿಯ ಕಥೆಯೊಂದನ್ನು ಬರೆಯತೊಡಗುತ್ತಾಳೆ. ಅದರ ಹೆಸರು ‘ರಸ್ಟೆಡ್ ರೋಬಾಟ್ಸ್’, ಎಂದರೆ ತುಕ್ಕು ಹಿಡಿದ ಯಂತ್ರಮಾನವರು.

ಈ ಒಳಗಾದಂಬರಿಯ ಕಾಲವು ಮಾನವಕುಲವು ಅಳಿದುಹೋದ ಮೇಲಣ ಕಾಲ; ಸ್ಥಳವು ನೈಜೀರಿಯ. ಭೂಮಿಯ ಮೇಲೆ ಎರಡು ಬಗೆಯ ಯಂತ್ರಗಳು ಉಳಿದಿವೆ. ಒಂದು ಬಗೆಯವು ಮನುಷ್ಯಾಕಾರದವು. ಮನುಷ್ಯರು ಬಿಟ್ಟುಹೋದ ಕಥೆಗಳನ್ನು ಅವು ಅಮೂಲ್ಯ ನಿಧಿಯೆಂದು ಕೂಡಿಡುತ್ತವೆ. ಇನ್ನೊಂದು ಬಗೆಯವು ದೇಹವಿಲ್ಲದ ಬುದ್ಧಿಗಳು; ದೇಹವನ್ನೂ ಮನುಷ್ಯರ ನೆನಪನ್ನೂ ಅವು ಹೀನವೆಂದು ಬಗೆಯುತ್ತವೆ. ಮೊದಲನೆಯ ಬಗೆಗೆ ಸೇರಿದ ಅಂಕಾರ ಎಂಬ ವಿದ್ವಾಂಸ ಯಂತ್ರವು ಕಲಹದಲ್ಲಿ ಜರ್ಜರಿತವಾಗಿ, ಉಳಿದಿರುವ ಕೊನೆಯ ಮನುಷ್ಯಳಾದ ನ್ಗೋಜಿ ಎಂಬಾಕೆಯ ಆರೈಕೆಯನ್ನು ಪಡೆಯುವುದು. ಅಂಕಾರವನ್ನು ಉಳಿಸುವುದಕ್ಕಾಗಿ ಆಕೆ ಇಜೇಲೆ ಎಂಬ ದೇಹವಿಲ್ಲದ ಬುದ್ಧಿಯನ್ನು ಅದರ ದೇಹದೊಳಗೆ ಸೇರಿಸುವಳು. ಒಬ್ಬರನ್ನೊಬ್ಬರು ದ್ವೇಷಿಸಬೇಕಾದ ಎರಡು ಚೇತನಗಳು ಒಂದೇ ದೇಹದಲ್ಲಿ ಬಾಳಬೇಕಾಗುವುದು.

ಈ ಗ್ರಂಥವು ಲೋಕವಿಖ್ಯಾತವಾಗಿ ಝೆಲುವಿಗೆ ಹಣವೂ ಕೀರ್ತಿಯೂ ಬರುವುವು. ವಿಜ್ಞಾನಿಯೊಬ್ಬನು ಅವಳಿಗೆ ಯಂತ್ರದ ಕಾಲುಗಳನ್ನು ಮಾಡಿಕೊಡುವನು. ಗ್ರಂಥವು ಚಲನಚಿತ್ರವಾಗುವುದು. ತಂದೆ ತೀರಿಕೊಳ್ಳುವನು, ಅವಳು ನೈಜೀರಿಯಕ್ಕೆ ಹೋಗುವಳು, ಕೊನೆಗೆ ಬಾಲ್ಯದ ಹಂಬಲದಂತೆ ಆಕಾಶಕ್ಕೂ ಏರುವಳು. ಈ ಕಥೆಯ ನಡುನಡುವೆ ಒಳಗಾದಂಬರಿಯ ಅಧ್ಯಾಯಗಳೂ, ಮುಖ್ಯವಾಗಿ ಝೆಲುವಿನ ಮನೆಯವರು ಅವಳನ್ನು ಕುರಿತು ಕೊಟ್ಟ ಸಂದರ್ಶನಗಳೂ ಬರುವುವು. ಎಲ್ಲವೂ ಮುಗಿದ ಮೇಲೆ ಒಂದು ರಹಸ್ಯವು ಹೊರಬೀಳುವುದು. ಝೆಲು ಅಂಕಾರನ ಕಥೆಯನ್ನು ಬರೆದಳೆಂದು ನಾವು ನಂಬಿಕೊಂಡು ಬಂದಿದ್ದೆವು; ನಿಜವಾಗಿ ಅಂಕಾರನೇ ಝೆಲುವಿನ ಕಥೆಯನ್ನು ಬರೆದ ಕರ್ತೃ.

ಇಷ್ಟರ ಹಿಂದೆ ಲೇಖಕಿಯ ಸ್ವಂತ ಅನುಭವವಿರುವುದನ್ನೂ ಹೇಳತಕ್ಕದ್ದು. ಒಕೊರಾಫೋರರು ಹುಟ್ಟಿದ್ದು ೧೯೭೪ರಲ್ಲಿ. ತಾರುಣ್ಯದಲ್ಲಿ ಅವರು ಟೆನಿಸ್ ಆಟದಲ್ಲಿ ನಿಪುಣೆಯಾಗಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆನ್ನೆಲುಬಿನ ವಕ್ರತೆಗಾಗಿ ಶಸ್ತ್ರಚಿಕಿತ್ಸೆಯಾದಾಗ ಕಾಲುಗಳ ಸ್ವಾಧೀನ ತಪ್ಪಿತು. ಮತ್ತೆ ನಡೆಯುವುದನ್ನು ಅವರು ಕಲಿಯಬೇಕಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿಯೇ ಕಥೆ ಬರೆಯತೊಡಗಿದುದನ್ನು ಅವರು ೨೦೧೯ರಲ್ಲಿ ಪ್ರಕಟವಾದ ‘ಬ್ರೋಕನ್ ಪ್ಲೇಸಸ್ ಅಂಡ್ ಔಟರ್ ಸ್ಪೇಸಸ್’ ಎಂಬ ಆತ್ಮವೃತ್ತದಲ್ಲಿ ತಿಳಿಸಿರುವರು. ಆದರೆ ಝೆಲು ಒಕೊರಾಫೋರರಲ್ಲ. ಲೇಖಕಿ ಮತ್ತೆ ನಡೆದರು, ನಾಯಿಕೆ ನಡೆಯಲಿಲ್ಲ. ತನಗೆ ದೊರೆತುದನ್ನು ನಾಯಿಕೆಗೆ ಕೊಡದಿದ್ದುದರಲ್ಲಿಯೇ ಲೇಖಕಿಯ ಕಲಾವಿವೇಕವು ಕಾಣುವುದು.

೩

ಇನ್ನು ಹೆಳವರ ವಿಚಾರ. ೧೯೦೯ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಹಿಂದೂಸ್ಥಾನದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತ ಗ್ರಂಥದಲ್ಲಿ ಹೆಳವರನ್ನು ಕುರಿತು ಚಿಕ್ಕದಾದರೂ ಬೆಲೆಯುಳ್ಳ ವಿವರಣೆಯುಂಟು. ಅವರು ಗ್ರಾಮಗಳ ಇತಿಹಾಸವನ್ನು ಕಾಪಾಡುವವರೆಂದೂ, ಎತ್ತನ್ನೇರಿ, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಬರುವರೆಂದೂ, ಮನೆಯಿಂದ ಮನೆಗೆ ಹೋಗಿ ಆಯಾ ಮನೆತನದ ಪೂರ್ವವೃತ್ತಾಂತವನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವರೆಂದೂ ಅಲ್ಲಿ ಹೇಳಿದೆ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಈ ವೃತ್ತಿಯು ಪೂರ್ತಿಯಾಗಿ ಅಳಿದಿಲ್ಲ. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಊರುಗಳು, ಇಂತಿಂಥ ಒಕ್ಕಲುಗಳು ಎಂಬ ಹಕ್ಕು ವಂಶಪಾರಂಪರ್ಯವಾಗಿ ಬಂದಿರುವುದು. ಮೊದಲು ಬಾಯಿಪಾಠದಲ್ಲಿಯೂ ಓಲೆ ತಾಮ್ರಪಟಗಳಲ್ಲಿಯೂ ಇದ್ದ ವಂಶಾವಳಿಯು ಈಗ ಕಾಗದದ ಪುಸ್ತಕಗಳಿಗೆ ಬಂದಿದೆ. ಹೆಳವನು ಅಂಗಳದಲ್ಲಿ ನಿಂತು ಅಜ್ಜನ, ಮುತ್ತಜ್ಜನ, ಅವನ ಅಜ್ಜನ ಹೆಸರುಗಳನ್ನೂ, ಮನೆತನವು ಯಾವ ಊರಿನಿಂದ ಎದ್ದುಬಂದಿತೆಂಬುದನ್ನೂ ಹೇಳುವನು. ಆ ಬಳಿಕ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು, ಕಾಳುಕಡಿಯನ್ನೋ ಹಣವನ್ನೋ ಪಡೆದು ಮುಂದಿನ ಮನೆಗೆ ಹೋಗುವನು.

ತಮ್ಮ ಮೂಲಪುರುಷನು ನಡೆಯಲಾರದವನಾಗಿದ್ದನೆಂಬ ಐತಿಹ್ಯವು ಹೆಳವರಲ್ಲಿಯೇ ಪ್ರಚಲಿತವಾಗಿದೆ. ಈಗಿನ ಹೆಳವರು ನಡೆಯಬಲ್ಲವರು. ಆದರೂ ವೃತ್ತಿಗೆ ಹೊರಟಾಗ ಕಾಲನ್ನು ಮುಚ್ಚಿಕೊಳ್ಳುವ ಪದ್ಧತಿಯಿತ್ತೆಂಬುದು ಥರ್ಸ್ಟನ್ನನ ವಿವರಣೆಯಿಂದ ಸ್ಪಷ್ಟವಾಗುವುದು. ಇದನ್ನು ಭಿಕ್ಷೆಯ ಉಪಾಯವೆಂದು ಹೇಳಿ ಮುಗಿಸಿಬಿಡುವವರುಂಟು. ಅದು ಸಾಲದೆಂದು ನನಗೆ ತೋರುವುದು. ಬರಿಯ ಕನಿಕರವನ್ನು ಬೇಡುವವನು ತನ್ನ ವೈಕಲ್ಯವನ್ನು ತೆರೆದು ತೋರಿಸುವನು. ಹೆಳವನು ಕಾಲನ್ನು ಮುಚ್ಚುವನು. ಮುಚ್ಚಿದ ಕಾಲು ಇಲ್ಲಿ ಅಧಿಕಾರದ ಚಿಹ್ನೆ. ನಡೆದು ಹೊಲ ಉಳುವವನಿಗೆ ವಂಶಾವಳಿಯನ್ನು ಕಾಯುವ ಬಿಡುವಿಲ್ಲ. ಎತ್ತಿನ ಮೇಲೆ ಕುಳಿತವನಿಗೆ ಅದೇ ಕೆಲಸ. ದೇಹದ ಒಂದು ಶಕ್ತಿಯು ಹೋದುದರಿಂದ ಊರಿನ ನೆನಪನ್ನು ಹೊರುವ ಪದವಿಯು ಬಂದಿತೆಂಬ ಭಾವನೆಯು ಈ ವೇಷದ ಮೂಲದಲ್ಲಿದೆ. ಕಾಲಾಂತರದಲ್ಲಿ ಪದವಿಯೇ ಮುಖ್ಯವಾಗಿ, ಚಿಹ್ನೆಯನ್ನು ಕಾಲುಳ್ಳವರೂ ಧರಿಸಬೇಕಾಯಿತು.

೪

ಈ ಹಿನ್ನೆಲೆಯಲ್ಲಿ ಝೆಲುವಿನ ಯಂತ್ರದ ಕಾಲುಗಳನ್ನು ನೋಡೋಣ. ಯಂತ್ರವನ್ನೂ ವಿಕಲದೇಹವನ್ನೂ ಕೂಡಿಸಿ ಕಥೆ ಕಟ್ಟುವುದು ಈ ಸಾಹಿತ್ಯಪ್ರಕಾರದಲ್ಲಿ ಹೊಸತಲ್ಲ. ‘ರೋಬಾಟ್’ ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟುದು ೧೯೨೦ರಲ್ಲಿ ಪ್ರಕಟವಾದ, ಚೆಕ್ ಲೇಖಕ ಕಾರೆಲ್ ಚಾಪೆಕನ ನಾಟಕ. ಅದರಲ್ಲಿ ಯಂತ್ರವು ಮನುಷ್ಯನ ವೈರಿ. ಆನ್ ಮೆಕ್ಯಾಫ್ರಿ ಎಂಬಾಕೆಯ ‘ದಿ ಶಿಪ್ ಹೂ ಸ್ಯಾಂಗ್’ ಎಂಬ ೧೯೬೯ರ ಕೃತಿಯಲ್ಲಿ, ವಿಕಲಾಂಗಳಾಗಿ ಹುಟ್ಟಿದ ಹುಡುಗಿಯನ್ನು ಲೋಹದ ಕವಚದೊಳಗೆ ಮುಚ್ಚಿ, ಅವಳ ಮೆದುಳನ್ನು ಆಕಾಶನೌಕೆಯ ಚಾಲಕಶಕ್ತಿಯಾಗಿ ಮಾಡುವರು. ಆ ಹುಡುಗಿಯ ಹೆಸರು ಹೆಲ್ವಾ. ನಮ್ಮ ‘ಹೆಳವ’ ಶಬ್ದಕ್ಕೂ ಇದಕ್ಕೂ ಇರುವ ಧ್ವನಿಸಾಮ್ಯವು ಕೇವಲ ಆಕಸ್ಮಿಕ. ಇಂತಹ ಸಾಮ್ಯವನ್ನು ಹಿಡಿದು ಸಂಬಂಧವನ್ನು ಕಲ್ಪಿಸುವುದು ಭಾಷಾಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಆದರೆ ಅರ್ಥದಲ್ಲಿರುವ ವ್ಯತ್ಯಾಸವು ವಿಚಾರಾರ್ಹವಾಗಿದೆ. ಹೆಲ್ವಾಳ ದೇಹವನ್ನು ಮರೆಮಾಡಿದ ಮೇಲೆಯೇ ಅವಳು ಲೋಕಕ್ಕೆ ಉಪಯುಕ್ತಳಾಗುವಳು. ಝೆಲುವಿನ ವಿಷಯದಲ್ಲಿ ಹಾಗಲ್ಲ. ಅವಳು ಯಂತ್ರದ ಕಾಲುಗಳನ್ನು ತೊಡುವಳು, ಕಳಚಿಡುವಳು. ಕಳಚಿಟ್ಟಾಗ ಅವಳು ಮೊದಲಿನ ಝೆಲುವೇ. ಅವು ಚಿಕಿತ್ಸೆಯಲ್ಲ, ವಾಹನ.

ನಮ್ಮ ಪುರಾಣಗಳಲ್ಲಿ ಇದಕ್ಕೆ ಸಮೀಪವಾದ ಸಂಗತಿಯೊಂದುಂಟು. ವಿನತೆಯು ಆತುರದಿಂದ ಮೊಟ್ಟೆಯನ್ನು ಒಡೆದುದರಿಂದ ಅವಳ ಹಿರಿಯ ಮಗನಾದ ಅರುಣನು ತೊಡೆಗಳಿಲ್ಲದೆ ಹುಟ್ಟಿ ‘ಅನೂರು’ವೆನಿಸಿದನು; ತಾಯಿಯನ್ನು ಶಪಿಸಿ ಹೊರಟು ಸೂರ್ಯನ ಸಾರಥಿಯಾದನು. ಅವನಿಗೆ ಕಾಲು ಬರಲಿಲ್ಲ, ರಥ ಬಂದಿತು. ಹೆಳವನಿಗೂ ಕಾಲು ಬರಲಿಲ್ಲ; ಎತ್ತು ಬಂದಿತು. ಎತ್ತು ಹೆಳವನನ್ನು ಇತರರಂತೆ ಮಾಡುವುದಿಲ್ಲ. ಅವನನ್ನು ಮನೆಮನೆಯ ಬಾಗಿಲಿಗೆ ಮುಟ್ಟಿಸುವುದು. ಝೆಲುವಿನ ಯಂತ್ರವೂ ಅವಳನ್ನು ಬಾಗಿಲಿಗೆ ಮುಟ್ಟಿಸುವುದಕ್ಕಾಗಿ ಇದೆ.

ಆದರೆ ಬಾಗಿಲಲ್ಲಿ ನಿಂತಿರುವ ಮನೆಯವರು ಎತ್ತನ್ನು ಒಪ್ಪಿದಂತೆ ಯಂತ್ರವನ್ನು ಒಪ್ಪುವುದಿಲ್ಲ. ಝೆಲು ಯಂತ್ರದ ಕಾಲುಗಳಿಗೆ ಒಪ್ಪಿದಾಗ ತಾಯಿತಂದೆಗಳೂ ಒಡಹುಟ್ಟಿದವರೂ ವಿರೋಧಿಸುವರು. ಅವರ ವಿರೋಧವು ಪ್ರೇಮದಿಂದಲೇ ಹುಟ್ಟಿದುದು. ಆದುದರಿಂದಲೇ ಅದನ್ನು ಎದುರಿಸುವುದು ಕಷ್ಟ. ಹನ್ನೆರಡನೆಯ ವಯಸ್ಸಿನಿಂದ ಅವಳನ್ನು ಎತ್ತಿ ಇಳಿಸಿ ಕಾಪಾಡಿದವರಿಗೆ ಅವಳು ಎಂದೆಂದಿಗೂ ಕಾಪಾಡಬೇಕಾದವಳು. ಅವಳು ತಾನಾಗಿ ಏಳುವುದು ತಮ್ಮ ಸೇವೆಯನ್ನು ನಿರಾಕರಿಸಿದಂತೆ ಅವರಿಗೆ ಕಾಣುವುದು. ಈ ಸೂಕ್ಷ್ಮವನ್ನು ಒಕೊರಾಫೋರರು ಬಹಳ ಚೆನ್ನಾಗಿ ಗ್ರಹಿಸಿರುವರು. ಇಲ್ಲಿ ದುಷ್ಟರಾದ ಬಂಧುಗಳಿಲ್ಲ. ಎಲ್ಲರೂ ಒಳ್ಳೆಯವರು, ಮತ್ತು ಎಲ್ಲರೂ ಸೇರಿ ಅವಳ ಉಸಿರು ಕಟ್ಟಿಸುವರು. ಕೂಡುಮನೆಗಳ ಬಾಳನ್ನು ಬಲ್ಲ ನಮ್ಮ ವಾಚಕರಿಗೆ ಈ ಭಾಗಗಳಿಗೆ ವ್ಯಾಖ್ಯಾನದ ಅಗತ್ಯವಿಲ್ಲ.

೫

ಸಂದರ್ಶನಾಧ್ಯಾಯಗಳು ಈ ಕಾದಂಬರಿಯ ಅತ್ಯುತ್ತಮ ಭಾಗವೆಂದು ನಾನು ಭಾವಿಸುವೆನು. ಝೆಲು ಪ್ರಸಿದ್ಧಳಾದ ಮೇಲೆ ಅವಳ ಅಕ್ಕ, ತಮ್ಮ, ತಾಯಿ ಮೊದಲಾದವರು ಅವಳನ್ನು ಕುರಿತು ಮಾತನಾಡುವರು. ಪ್ರತಿಯೊಬ್ಬರೂ ಅವಳ ಕಥೆಯನ್ನು ಹೇಳತೊಡಗಿ ತಮ್ಮ ಕಥೆಯನ್ನು ಹೇಳಿಕೊಳ್ಳುವರು. ಅವಳು ಬಿದ್ದ ದಿನ ತಾವೆಲ್ಲಿದ್ದೆವು, ತಮಗೆಷ್ಟು ದುಃಖವಾಯಿತು, ಅವಳಿಂದ ತಮ್ಮ ಬಾಳು ಹೇಗೆ ತಿರುಗಿತು ಎಂಬುದೇ ಅವರ ಮಾತಿನ ತಿರುಳು. ವೈಕಲ್ಯವು ಒಬ್ಬಳ ದೇಹದಲ್ಲಿದ್ದರೂ ಅದರ ಕಥೆಯ ಒಡೆತನವನ್ನು ಇಡೀ ಕುಟುಂಬವು ಹಂಚಿಕೊಂಡಿದೆ. ಹೆಳವನು ಕುಟುಂಬವನ್ನು ಹೇಳುವನು. ಇಲ್ಲಿ ಕುಟುಂಬವು ಹೆಳವಿಯನ್ನು ಹೇಳುವುದು. ಈ ವಿಪರ್ಯಾಸವೇ ಕಾದಂಬರಿಯ ಬೀಜ.

ಈ ಕುಟುಂಬದಲ್ಲಿ ಎರಡು ಜನಾಂಗಗಳು, ಎರಡು ಭಾಷೆಗಳು ಕೂಡಿರುವುದನ್ನು ಮೇಲೆ ಹೇಳಿದೆ. ತಾಯಿಯ ಕಡೆಯ ಪದ್ಧತಿ ಒಂದು, ತಂದೆಯ ಕಡೆಯದು ಇನ್ನೊಂದು. ಮಕ್ಕಳ ನಿತ್ಯದ ಮಾತು ಮೂರನೆಯದಾದ ಇಂಗ್ಲಿಷ್. ತಂದೆಯು ತೀರಿಕೊಂಡು ಮಕ್ಕಳು ಅವನ ಊರಿಗೆ ಹೋದಾಗ ತಾವು ಯಾರ ಮಕ್ಕಳು ಎಂಬ ಪ್ರಶ್ನೆಯು ತಲೆಯೆತ್ತುವುದು. ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಕೇಳಿಬರುವ ನಿಪ್ಪಾಣಿ, ಚಿಕ್ಕೋಡಿ ಭಾಗದ ವಾಚಕರಿಗೆ ಇದು ದೂರದ ಕಥೆಯಲ್ಲ. ಈ ಸೀಮೆಯ ಶೇಡಬಾಳದಲ್ಲಿ ೧೯೧೮ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ಗಡಿನಾಡಿನ ಬಾಳನ್ನು ಅಲ್ಲಿಯ ಆಡುಮಾತಿನಲ್ಲಿಯೇ ಚಿತ್ರಿಸಿದರು. ಅದನ್ನು ಶಿಷ್ಟಗನ್ನಡಕ್ಕೆ ತಿದ್ದಿದರೆ ಕಥೆ ಉಳಿದೀತು, ಮನೆ ಉಳಿಯದು. ‘ಡೆತ್ ಆಫ್ ದಿ ಆಥರ್’ ಕಾದಂಬರಿಯಲ್ಲಿ ಚಲನಚಿತ್ರದವರು ಝೆಲುವಿನ ಗ್ರಂಥಕ್ಕೆ ಮಾಡುವುದು ಇದೇ ಅಪಚಾರ. ನೈಜೀರಿಯದ ಕಥೆಯನ್ನು ಅವರು ಅಮೇರಿಕದ ಕಥೆಯನ್ನಾಗಿ ಮಾರ್ಪಡಿಸುವರು. ತನ್ನ ಕಥೆಯನ್ನು ಇತರರು ಹೇಳಿದಾಗ ಏನಾಗುವುದೆಂಬುದಕ್ಕೆ ಮನೆಯವರ ಸಂದರ್ಶನಗಳು ಒಂದು ನಿದರ್ಶನವಾದರೆ ಈ ಚಲನಚಿತ್ರವು ಇನ್ನೊಂದು. ಮನೆಯವರು ಅವಳನ್ನು ಪ್ರೀತಿಯಿಂದ ಕಿರಿದುಮಾಡುವರು. ವ್ಯಾಪಾರಿಗಳು ಲಾಭಕ್ಕಾಗಿ ಹಿರಿದುಮಾಡಿ ಕೆಡಿಸುವರು.

೬

ಈಗ ಮುಕ್ತಾಯದ ವಿಚಾರಕ್ಕೆ ಬರೋಣ. ಇಡೀ ಕಥೆಯನ್ನು ಬರೆದುದು ಯಂತ್ರವೆಂದು ತಿಳಿದಾಗ ವಾಚಕನಿಗೆ ಆಘಾತವಾಗುವುದು. ೨೦೨೨ನೆಯ ಇಸವಿಯ ಕೊನೆಯಿಂದ ಬರೆಯುವ ಯಂತ್ರಗಳು ಜನಸಾಮಾನ್ಯರ ಕೈಗೆ ಬಂದಿರುವುದರಿಂದ ಈ ಆಘಾತಕ್ಕೆ ವಿಶೇಷವಾದ ತೀಕ್ಷ್ಣತೆಯೂ ಇದೆ. ಇಲ್ಲಿ ಬಲವಾದ ಪೂರ್ವಪಕ್ಷವೊಂದು ಏಳುವುದು. ತನ್ನ ಕಥೆಯನ್ನು ತಾನೇ ಹೇಳುವ ಹಕ್ಕಿಗಾಗಿ ಅಂಗವಿಕಲ ಸ್ತ್ರೀಯೊಬ್ಬಳು ಗ್ರಂಥದುದ್ದಕ್ಕೂ ಹೋರಾಡಿದಳು. ಕೊನೆಗೆ ಗ್ರಂಥಕರ್ತ್ರಿಯು ಆ ಹಕ್ಕನ್ನು ಅವಳಿಂದ ಕಿತ್ತು ಯಂತ್ರಕ್ಕೆ ಕೊಟ್ಟರು. ಮನೆಯವರು ಮಾಡಿದುದನ್ನೇ, ಚಲನಚಿತ್ರದವರು ಮಾಡಿದುದನ್ನೇ, ಕಾದಂಬರಿಯೂ ಮಾಡಿತಲ್ಲವೆ? ಝೆಲು ಎಂಬುವಳು ಇರಲೇ ಇಲ್ಲವೆಂದ ಮೇಲೆ ಅವಳ ವೇದನೆಗೆ ಬೆಲೆಯೇನು?

ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಹೆಳವನ ದೃಷ್ಟಾಂತದಿಂದ ಇದಕ್ಕೆ ಸಮಾಧಾನವನ್ನು ಹೇಳಬಹುದೆಂದು ತೋರುತ್ತದೆ. ಅಂಕಾರನು ಮಾನವಕುಲದ ಹೆಳವನು. ಒಕ್ಕಲುಗಳೆಲ್ಲ ಅಳಿದಿರುವರು, ಅಂಗಳಗಳು ಬರಿದಾಗಿವೆ, ಆದರೂ ವಂಶಾವಳಿಯ ಪುಸ್ತಕವು ಅವನ ಕೈಯಲ್ಲಿದೆ. ಹೆಳವನು ಮನೆತನದ ರಕ್ತದವನಲ್ಲ. ಅವನು ಹೊರಗಿನವನು, ಬೇರೆ ಕುಲದವನು. ಹಾಗಿದ್ದೂ ಮನೆಯ ಹೆಸರುಗಳು ಮನೆಯವರಿಗಿಂತ ಅವನಿಗೇ ಚೆನ್ನಾಗಿ ತಿಳಿದಿವೆ. ಅವನು ಹೇಳುವ ಮುತ್ತಜ್ಜನನ್ನು ಅವನೂ ಕಂಡವನಲ್ಲ. ಕಾಣದವರನ್ನು ಹೆಸರಿಟ್ಟು ಕರೆಯುವುದೇ ಅವನ ಕರ್ತೃತ್ವ. ಅಂಕಾರನ ಕರ್ತೃತ್ವವೂ ಇದೇ ಬಗೆಯದು. ಯಂತ್ರವು ಕಥೆಗಳನ್ನು ಕೂಡಿಡಬಲ್ಲುದೇ ಹೊರತು ಹುಟ್ಟಿಸಲಾರದು ಎಂಬ ನಂಬಿಕೆಯ ಲೋಕದಲ್ಲಿ ಅದು ಒಂದು ಕಥೆಯನ್ನು ಹುಟ್ಟಿಸಿತು. ಹುಟ್ಟಿಸುವಾಗ ಯಾರನ್ನು ಆರಿಸಿಕೊಂಡಿತು ಎಂಬುದನ್ನು ಗಮನಿಸಬೇಕು. ರಾಜನನ್ನಲ್ಲ, ವೀರನನ್ನಲ್ಲ, ಕೆಲಸ ಕಳೆದುಕೊಂಡ, ಮದುವೆಯಾಗದ, ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬ ಮಗಳನ್ನು.

ಇಲ್ಲಿಯೇ ನಮ್ಮ ಸಂಪ್ರದಾಯದ ನ್ಯೂನತೆಯು ಎದ್ದುಕಾಣುವುದು. ಹೆಳವನ ವಂಶಾವಳಿಯು ಮುಖ್ಯವಾಗಿ ಗಂಡುಸಂತತಿಯ ಸಾಲು. ತಂದೆ, ಮಗ, ಮೊಮ್ಮಗ ಎಂದು ಅದು ನಡೆಯುವುದು. ಮಗಳು ಕೊಟ್ಟ ಮನೆಗೆ ಹೋಗುವವಳಾದುದರಿಂದ ತವರಿನ ಸಾಲಿನಲ್ಲಿ ಅವಳಿಗೆ ನೆಲೆಯಿಲ್ಲ. ಕೊಡದೆ ಉಳಿದ ಮಗಳಿಗೆ ಎರಡು ಕಡೆಯೂ ಇಲ್ಲ. ಕುಂಟನಾದ ಗಂಡಸಿಗೆ ಎತ್ತು ದೊರೆಯಿತು, ಗಂಟೆ ದೊರೆಯಿತು, ಊರೂರಿನ ಹಕ್ಕು ದೊರೆಯಿತು. ಕುಂಟಿಯಾದ ಮಗಳಿಗೆ ಒಳಮನೆಯ ಮೂಲೆ ದೊರೆಯಿತು. ವೈಕಲ್ಯವನ್ನು ಪದವಿಯನ್ನಾಗಿ ಮಾಡಿದ ಈ ಉದಾರವಾದ ಕಲ್ಪನೆಯು ಹೊಸ್ತಿಲಿನ ಆಚೆಗೇ ನಿಂತಿತು. ಝೆಲುವಿನಂಥವಳು ಅಥಣಿಯ ಒಂದು ಒಕ್ಕಲು ಮನೆಯಲ್ಲಿ ನೂರು ವರ್ಷಗಳ ಹಿಂದೆ ಹುಟ್ಟಿದ್ದರೆ, ಅವಳ ಹೆಸರನ್ನು ಓದಿ ಹೇಳುವ ಹೆಳವನು ಇರುತ್ತಿರಲಿಲ್ಲ. ಕಾದಂಬರಿಯ ಯಂತ್ರ ಹೆಳವನು ಓದುವುದು ಇಂತಹ ಹೆಸರನ್ನೇ. ಆದುದರಿಂದ ಮುಕ್ತಾಯದಲ್ಲಿ ಝೆಲು ಅಳಿಸಿಹೋದಳೆನ್ನುವುದಕ್ಕಿಂತ, ಸಾಲಿನಲ್ಲಿ ಸೇರದೆ ಹೋದವಳನ್ನು ಹೊಸ ಕರ್ತೃವೊಂದು ಸಾಲಿನ ತುದಿಯಲ್ಲಿಟ್ಟು ಪುಸ್ತಕವನ್ನು ಮುಗಿಸಿತೆನ್ನುವುದು ಹೆಚ್ಚು ಯುಕ್ತ. ಬಾರ್ತನು ಹೇಳಿದ ಮರಣದಿಂದ ವಾಚಕನು ಹುಟ್ಟುವನು. ಒಕೊರಾಫೋರರು ಹೇಳಿದ ಮರಣದಿಂದ ವಂಶಾವಳಿಯ ಲೇಖಕನು ಹುಟ್ಟುವನು.

೭

ದೋಷಗಳನ್ನೂ ಹೇಳದಿದ್ದರೆ ವಿಮರ್ಶೆಯು ಪೂರ್ಣವಾಗದು. ಒಳಗಾದಂಬರಿಯು ಲೋಕವನ್ನೇ ಮರುಳುಮಾಡಿತೆಂದು ಕಥೆಯಲ್ಲಿ ಹೇಳಿದೆ. ಆದರೆ ನಮ್ಮ ಕಣ್ಣ ಮುಂದಿರುವ ಆ ಅಧ್ಯಾಯಗಳಲ್ಲಿ ಅಷ್ಟು ಶಕ್ತಿಯಿಲ್ಲ. ಯಂತ್ರಗಳ ಕಲಹದ ವರ್ಣನೆಯು ಸಾಧಾರಣವಾಗಿದ್ದು, ಮನೆಯವರ ಮಾತುಗಳ ಪಕ್ಕದಲ್ಲಿ ಬಡವಾಗಿ ಕಾಣುವುದು. ಅಂಕಾರ ಮತ್ತು ಇಜೇಲೆಯ ಸಹವಾಸದ ಭಾಗ ಮಾತ್ರ ಇದಕ್ಕೆ ಅಪವಾದ. ಒಂದು ದೇಹದಲ್ಲಿ ಎರಡು ಮನಸ್ಸುಗಳು ಹೊಂದಿಕೊಳ್ಳುವ ಪರಿಯು ಝೆಲುವಿಗೂ ಅವಳ ಮನೆಗೂ ಇರುವ ಸಂಬಂಧದ ಪ್ರತಿಬಿಂಬವಾಗಿ ಚೆನ್ನಾಗಿ ಮೂಡಿ ಬಂದಿದೆ. ಎರಡನೆಯದಾಗಿ, ಉತ್ತರಾರ್ಧದಲ್ಲಿ ಐಶ್ವರ್ಯವೂ ಕೀರ್ತಿಯೂ ಸಾಹಸಗಳೂ ಒಂದರ ಮೇಲೊಂದು ಬಂದು ಬೀಳುವುವು. ಬಡ ಉಪಾಧ್ಯಾಯಿನಿಯಾದ ಝೆಲುವಿನಲ್ಲಿ ನಮಗಿದ್ದ ವಿಶ್ವಾಸವು ಆಕಾಶಯಾತ್ರಿಯಾದ ಝೆಲುವಿನಲ್ಲಿ ಸಡಿಲವಾಗುವುದು. ಕರ್ತೃವು ಯಂತ್ರವಾದುದರಿಂದ ಮಾನವಜೀವನದ ಪ್ರಮಾಣವು ಅದಕ್ಕೆ ತಿಳಿಯದೆಂದು ಸಮರ್ಥಿಸಬಹುದು. ಜಾಣತನದ ಸಮರ್ಥನೆಯೆನ್ನೋಣ, ಆದರೆ ಓದುವಾಗಿನ ಬೇಸರವನ್ನು ಕೊನೆಯ ಪುಟದ ರಹಸ್ಯವು ಹಿಂದಕ್ಕೆ ಹೋಗಿ ಅಳಿಸಲಾರದು.

ಇಷ್ಟಾದರೂ ಈ ಕೃತಿಯು ನಮ್ಮ ಸಾಹಿತ್ಯೋಪಾಧ್ಯಾಯರು ಓದಲೇಬೇಕಾದ ಕೃತಿ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರೇ ಮೊದಲಾದವರು ವೈಜ್ಞಾನಿಕ ಕಾದಂಬರಿಯನ್ನು ಬೆಳೆಯಿಸಿದರು. ಆದರೆ ಈ ಪ್ರಕಾರವನ್ನು ಬಾಲಕರ ಕುತೂಹಲಕ್ಕೆ ಮೀಸಲೆಂದು ಭಾವಿಸುವವರು ವಿದ್ವಾಂಸರಲ್ಲಿ ಇನ್ನೂ ಇರುವರು. ಯಂತ್ರದ ಕಥೆಯ ಮೂಲಕ ಮನೆಯ ಕಥೆಯನ್ನು ಹೀಗೆ ಹೇಳಬಹುದೆಂದು ತಿಳಿದ ಮೇಲೆ ಆ ಭಾವನೆಯು ನಿಲ್ಲದು.

ಕೊನೆಯದಾಗಿ, ಪಾಠಶಾಲೆಯಲ್ಲಿ ನಾವು ಬಳಸುವ ಶಬ್ದಗಳನ್ನು ಕುರಿತು ಒಂದು ಮಾತು. ‘ಕುಂಟ’ ಎಂಬುದು ಬೈಗುಳವಾಯಿತೆಂದು ‘ಅಂಗವಿಕಲ’ ಎಂದೆವು. ಅದೂ ಸಾಲದೆಂದು ಸರಕಾರದ ವ್ಯವಹಾರದಲ್ಲಿ ‘ವಿಕಲಚೇತನ’ವೆಂಬ ಶಬ್ದವು ರೂಢಿಗೆ ಬಂದಿದೆ. ಶಬ್ದಾರ್ಥವನ್ನು ವಿಚಾರಿಸಿದರೆ, ಅಂಗದಲ್ಲಿದ್ದ ಊನವನ್ನು ಈ ಹೊಸ ಶಬ್ದವು ಚೇತನಕ್ಕೇ ಅಂಟಿಸುವುದು. ಗೌರವಕ್ಕೆಂದು ಮಾಡಿದುದು ಹೆಚ್ಚಿನ ಅಗೌರವವಾಯಿತು. ‘ದಿವ್ಯಾಂಗ’ವೆಂಬುದು ಇನ್ನೊಂದು ತುದಿಗೆ ಹೋಗಿ ಮನುಷ್ಯರನ್ನು ದೇವರನ್ನಾಗಿ ಮಾಡುವುದು. ಇವೆಲ್ಲವುಗಳಲ್ಲಿಯೂ ಇರುವುದು ನೋಡುವವನ ಭಾವನೆಯೇ. ‘ಹೆಳವ’ ಎಂಬ ಶಬ್ದ ಮಾತ್ರ ಮೊದಲು ದೇಹವನ್ನು ಹೇಳಿ, ಬಳಿಕ ಕೆಲಸವನ್ನು ಹೇಳುವ ಹೆಸರಾಯಿತು. ಅದೇ ಶಬ್ದವನ್ನು ಬೀದಿಯಲ್ಲಿ ಬೈಗುಳವಾಗಿ ಕೇಳಿದ ವಿದ್ಯಾರ್ಥಿಗೆ, ಅದು ಊರಿನ ಇತಿಹಾಸಕಾರನ ಹೆಸರೆಂದು ತಿಳಿಸಿಕೊಡುವುದು ಉಪಾಧ್ಯಾಯನ ಕರ್ತವ್ಯ. ತರಗತಿಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಹುಡುಗಿಯಿದ್ದರೆ, ಅವಳನ್ನು ಕುರಿತ ಪಾಠವನ್ನು ಅವಳ ಮುಂದೆ ಓದುವುದಕ್ಕಿಂತ, ಮನೆಯವರ ಹೆಸರುಗಳನ್ನೆಲ್ಲ ಕೇಳಿ ಬರೆದುಕೊಂಡು ಬಾ ಎಂದು ಅವಳ ಕೈಗೆ ಲೇಖನಿಯನ್ನು ಕೊಡುವುದು ಮೇಲು. ಆ ಸಾಲಿನಲ್ಲಿ ತನ್ನ ಹೆಸರನ್ನು ಎಲ್ಲಿಡಬೇಕೆಂಬುದನ್ನು ಅವಳೇ ನಿರ್ಣಯಿಸಲಿ.